ಡೆನ್ಮಾರ್ಕ್ ಸುತ್ತೋದು ಹೇಗೆ: ಕೋಪನ್‌ಹೇಗನ್‌ನಲ್ಲೇ ನಿಂತುಬಿಡಬೇಡಿ

ಟೂರ್ ಪ್ಯಾಕೇಜಿನವರ ಪಟ್ಟಿಯಲ್ಲಿ ಡೆನ್ಮಾರ್ಕ್‌ಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ದಿನ. ಮತ್ಸ್ಯಕನ್ಯೆಯ ಪ್ರತಿಮೆ ಮುಂದೆ ಒಂದು ಫೋಟೋ, ಬಣ್ಣದ ಮನೆಗಳ ಮುಂದೆ ಇನ್ನೊಂದು, ಸಂಜೆಗೆ ಹಡಗು ಹತ್ತಿಸಿ ಓಸ್ಲೋಗೆ ಸಾಗಹಾಕಿದರೆ ಮುಗಿಯಿತು. ಹೀಗೆ ನೋಡಿ ಬಂದವರು "ಅಲ್ಲೇನಿದೆ ಮಾರಾಯ್ರೆ, ಎಲ್ಲಾ ಚಪ್ಪಟೆ" ಅನ್ನುತ್ತಾರೆ. ಚಪ್ಪಟೆ ಅನ್ನುವುದೇನೋ ನಿಜ. ಅಲ್ಲಿನ ಅತಿ ಎತ್ತರದ ಸಹಜ ಜಾಗ 171 ಮೀಟರ್ ಕೂಡ ಮುಟ್ಟುವುದಿಲ್ಲ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್.

ಆದರೆ ಡೆನ್ಮಾರ್ಕ್ ಬೆಟ್ಟ ನೋಡುವ ದೇಶವೇ ಅಲ್ಲ. ಅದು ನೀರಿನ ದೇಶ. ಜರ್ಮನಿಯಿಂದ ಮೇಲಕ್ಕೆ ಚಾಚಿಕೊಂಡ ಜಟ್‌ಲ್ಯಾಂಡ್, ಅದರ ಪಕ್ಕ ಫ್ಯೂನ್ ದ್ವೀಪ, ಆಮೇಲೆ ರಾಜಧಾನಿ ಇರುವ ಜೀಲ್ಯಾಂಡ್ ದ್ವೀಪ, ಜೊತೆಗೆ ನೂರಾರು ಚಿಕ್ಕ ದ್ವೀಪಗಳು. ಎಲ್ಲ ಸೇರಿಸಿದರೂ ಸುಮಾರು 43,000 ಚದರ ಕಿ.ಮೀ., ಅಂದರೆ ಕರ್ನಾಟಕದ ಕಾಲು ಭಾಗಕ್ಕಿಂತ ಕಡಿಮೆ. ಜನ ಸುಮಾರು 60 ಲಕ್ಷ. ಪೂರ್ವದಿಂದ ಪಶ್ಚಿಮಕ್ಕೆ ರೈಲಿನಲ್ಲಿ ಒಂದೇ ಹಗಲಲ್ಲಿ ದಾಟಬಹುದು. ಹಾಗಾಗಿ ನನ್ನ ಸಲಹೆ ಇಷ್ಟೇ: ಎಂಟು-ಹತ್ತು ದಿನ ಇಟ್ಟುಕೊಳ್ಳಿ, ಅರ್ಧ ಕೋಪನ್‌ಹೇಗನ್‌ಗೆ ಕೊಡಿ, ಉಳಿದರ್ಧ ಜಟ್‌ಲ್ಯಾಂಡ್‌ಗೆ ಕೊಡಿ. ಮಗ-ಸೊಸೆ ಅಲ್ಲಿ ಕೆಲಸದಲ್ಲಿದ್ದಾರೆ ಅಂತ ಹೋಗುವ ಅಪ್ಪ-ಅಮ್ಮಂದಿರಿಗೂ ಇದೇ ಮಾತು. ಬೆಂಗಳೂರಿನಲ್ಲಿ ಡೆನ್ಮಾರ್ಕಿನ ಕಂಪನಿಗಳಾದ ಮೇರ್ಸ್ಕ್, ನೋವೋ ನಾರ್ಡಿಸ್ಕ್ ಆಫೀಸುಗಳಿರುವುದರಿಂದ ಅಂಥವರ ಸಂಖ್ಯೆ ಈಗ ಕಡಿಮೆ ಏನಿಲ್ಲ.

ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ

ಮೇ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಯಾವಾಗ ಬೇಕಾದರೂ ಹೋಗಿ. ಜೂನ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ, ಬೆಳಗಿನ ಜಾವ ನಾಲ್ಕೂವರೆಗೆ ಮತ್ತೆ ಹಾಜರ್. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೇ ಕತ್ತಲು ಶುರು. ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ನವೆಂಬರ್‌ನಲ್ಲಿ ಹೊರಟರೆ ಮೋಡ, ತುಂತುರು ಮಳೆ, ಕತ್ತಲು ಇಷ್ಟನ್ನೇ ನೋಡಿಕೊಂಡು ಬರಬೇಕಾಗುತ್ತದೆ. ಡಿಸೆಂಬರ್ ಮಾತ್ರ ಸ್ವಲ್ಪ ವಾಸಿ, ಕ್ರಿಸ್ಮಸ್ ದೀಪಗಳಿರುತ್ತವೆ.

ಸಾಧ್ಯವಾದರೆ ಜೂನ್ 23 ನಿಮ್ಮ ದಿನಗಳೊಳಗೆ ಬರುವಂತೆ ನೋಡಿಕೊಳ್ಳಿ. ಅವತ್ತು ಸಂಜೆ ಸಾಂಕ್ಟ್ ಹಾನ್ಸ್. ಕಡಲ ದಂಡೆಯಲ್ಲಿ, ಕೆರೆ ಪಕ್ಕದಲ್ಲಿ, ಪಾರ್ಕುಗಳಲ್ಲಿ ದೊಡ್ಡ ಬೆಂಕಿ ಹಾಕಿ, ಮೇಲೊಂದು ಹುಲ್ಲಿನ ಮಾಟಗಾತಿ ಬೊಂಬೆ ಇಟ್ಟು ಸುಡುತ್ತಾರೆ, ಸುತ್ತ ನಿಂತು ಹಾಡುತ್ತಾರೆ. ಯಾರು ಬೇಕಾದರೂ ಹೋಗಿ ನಿಲ್ಲಬಹುದು, ಆಮಂತ್ರಣ ಬೇಕಿಲ್ಲ.

ಎರಡು ಎಚ್ಚರಿಕೆ. ಜುಲೈನಲ್ಲಿ ಊರವರೇ ರಜೆಗೆ ಹೋಗುತ್ತಾರೆ, ಚಿಕ್ಕ ಅಂಗಡಿ-ಹೋಟೆಲುಗಳು ಎರಡು ಮೂರು ವಾರ ಬಾಗಿಲು ಹಾಕಿರಬಹುದು. ಈಸ್ಟರ್ ರಜೆಗಳು ಮತ್ತು ಜೂನ್ 5ರ ಸಂವಿಧಾನ ದಿನ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಹಿಂದಿನ ದಿನವೇ ಹಾಲು-ಬ್ರೆಡ್ ತಂದಿಟ್ಟುಕೊಳ್ಳಿ.

ಬಟ್ಟೆ ವಿಷಯಕ್ಕೆ ಬಂದರೆ, ಸ್ವೆಟರ್‌ಗಿಂತ ಗಾಳಿ ತಡೆಯುವ ಜಾಕೆಟ್ ಮುಖ್ಯ. ಬೇಸಿಗೆಯಲ್ಲೂ ಇಪ್ಪತ್ತರ ಆಸುಪಾಸು ಉಷ್ಣಾಂಶ, ಮೇಲೆ ಕಡಲ ಗಾಳಿ. ಕೊಡೆ ಒಯ್ಯುವುದು ವ್ಯರ್ಥ. ಅಲ್ಲಿನ ಗಾಳಿ ಅದನ್ನು ಮೊದಲ ದಿನವೇ ತಿರುಗಿಸಿ ಹಾಕುತ್ತದೆ.

ವೀಸಾ ಮತ್ತು ವಿಮಾನ

ಬೇಕಾಗುವುದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಶುಲ್ಕ ದೊಡ್ಡವರಿಗೆ 90 ಯೂರೋ, ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕಂಪನಿಯವರ ಸೇವಾ ಶುಲ್ಕ ಬೇರೆ. ಹೊರಡುವ ದಿನಕ್ಕೆ ಆರು ತಿಂಗಳ ಒಳಗೆ ಅರ್ಜಿ ಹಾಕಬಹುದು, ಕಡೇ ಪಕ್ಷ 15 ದಿನ ಮುಂಚೆ ಹಾಕಲೇಬೇಕು. ಬೇಸಿಗೆಗೆ ಹೋಗುವವರು ಎರಡು-ಮೂರು ತಿಂಗಳ ಮುಂಚೆಯೇ ಮುಗಿಸಿಕೊಳ್ಳಿ, ಏಪ್ರಿಲ್-ಮೇ ತಿಂಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವಂತಿರಬೇಕು. ಹಲವು ದೇಶ ಸುತ್ತುವುದಿದ್ದರೆ ಎಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು.

ಗ್ರೀನ್‌ಲ್ಯಾಂಡ್, ಫಾರೋ ದ್ವೀಪಗಳು ಡೆನ್ಮಾರ್ಕ್ ರಾಜನ ಆಳ್ವಿಕೆಯಲ್ಲೇ ಇದ್ದರೂ ಷೆಂಗೆನ್ ಒಳಗಿಲ್ಲ. ಮಾಮೂಲಿ ವೀಸಾ ಹಿಡಿದುಕೊಂಡು ಅಲ್ಲಿಗೆ ಹೋಗಲು ಆಗುವುದಿಲ್ಲ. ಹೋಗುವ ಯೋಚನೆ ಇದ್ದರೆ ಅರ್ಜಿಯಲ್ಲೇ ತಿಳಿಸಿ, ವೀಸಾದ ಮೇಲೆ ಆ ಜಾಗಕ್ಕೂ ಅನುಮತಿ ಬರೆಸಿಕೊಳ್ಳಬೇಕು.

ವಿಮಾನದ ಟಿಕೆಟ್ಟಿಗೆ ಒಂದು ಉಪಾಯ ಇದೆ, ಬಹಳ ಜನ ಇದನ್ನು ಯೋಚಿಸುವುದೇ ಇಲ್ಲ. ಹೋಗುವಾಗ ಕೋಪನ್‌ಹೇಗನ್‌ಗೆ ಇಳಿಯಿರಿ, ಬರುವಾಗ ಜಟ್‌ಲ್ಯಾಂಡ್‌ನ ಬಿಲ್ಲುಂಡ್ ವಿಮಾನ ನಿಲ್ದಾಣದಿಂದ ಹತ್ತಿರಿ. ಅಲ್ಲಿಂದ ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಮ್ ಥರದ ದೊಡ್ಡ ನಿಲ್ದಾಣಗಳಿಗೆ ವಿಮಾನಗಳಿವೆ. ಆಗ ಪಶ್ಚಿಮಕ್ಕೆ ಹೋದವರು ವಿಮಾನಕ್ಕೋಸ್ಕರ ಮತ್ತೆ ಪೂರ್ವಕ್ಕೆ ಓಡಿಬರುವ ಗೋಳು ಇರುವುದಿಲ್ಲ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಇಮಿಗ್ರೇಶನ್ ಅಲ್ಲೇ ನಡೆಯುತ್ತದೆ, ಬೆರಳಚ್ಚು-ಫೋಟೋ ಎಲ್ಲ ಅಲ್ಲೇ. ಹಾಗಾಗಿ ವಿಮಾನ ಬದಲಿಸಲು ಎರಡು ಗಂಟೆಗಿಂತ ಜಾಸ್ತಿ ಬಿಡುವು ಇಟ್ಟುಕೊಳ್ಳಿ.

ದುಡ್ಡಿನ ಲೆಕ್ಕ

ಅಲ್ಲಿ ಯೂರೋ ಇಲ್ಲ, ಕ್ರೋನ್. ಒಂದು ಕ್ರೋನ್ ಅಂದರೆ ಸುಮಾರು 13–14 ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದು ಕಪ್ ಕಾಫಿಗೆ 40–50 ಕ್ರೋನ್. ಗುಣಿಸಿ ನೋಡಬೇಡಿ, ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಬೆಲೆಪಟ್ಟಿಯಲ್ಲಿ ಕಾಣುವ ದರದಲ್ಲಿ ಶೇ. 25 ತೆರಿಗೆ ಸೇರಿಯೇ ಇರುತ್ತದೆ, ಸರ್ವಿಸ್ ಚಾರ್ಜ್ ಕೂಡ. ಟಿಪ್ಸ್ ಕೊಡದಿದ್ದರೆ ಯಾರೂ ಮುಖ ಸಿಂಡರಿಸುವುದಿಲ್ಲ.

ಎಲ್ಲಾ ಕಡೆ ಕಾರ್ಡ್ ನಡೆಯುತ್ತದೆ, ಸಾಸೇಜ್ ಗಾಡಿಯಲ್ಲೂ. ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ, ಕ್ರೋನ್‌ನಲ್ಲಾ" ಅಂತ ಕೇಳಿದರೆ ಕಣ್ಣು ಮುಚ್ಚಿಕೊಂಡು ಕ್ರೋನ್ ಒತ್ತಿ, ಇಲ್ಲದಿದ್ದರೆ ವಿನಿಮಯದ ದರದಲ್ಲಿ ಜೇಬಿಗೆ ಕತ್ತರಿ. ಅಲ್ಲಿನವರು ಬಳಸುವ ಮೊಬೈಲ್‌ಪೇ ಆಪ್ ನಮಗೆ ಆಗಿಬರುವುದಿಲ್ಲ, ಅದಕ್ಕೆ ಅಲ್ಲಿನ ಬ್ಯಾಂಕ್ ಖಾತೆ ಬೇಕು. ಪರಿಚಯದವರು ಹಿಂದಿನ ಪ್ರವಾಸದಲ್ಲಿ ಉಳಿದಿದ್ದು ಅಂತ 1000 ಕ್ರೋನ್ ನೋಟು ಕೊಟ್ಟರೆ ತೆಗೆದುಕೊಳ್ಳಬೇಡಿ. ಆ ನೋಟು ಮತ್ತು ಹಳೇ ಸರಣಿಯ ನೋಟುಗಳೆಲ್ಲ 2025ರ ಮೇ 31ಕ್ಕೆ ಚಲಾವಣೆ ಕಳೆದುಕೊಂಡವು.

ನೀರಿನ ಬಾಟಲಿ ಕೊಂಡರೆ ಬೆಲೆಯ ಮೇಲೆ ಠೇವಣಿ ಹಾಕಿರುತ್ತಾರೆ. ಬಾಟಲಿಯ ಮೇಲೆ ಪ್ಯಾಂಟ್ (ಅಂದರೆ ಠೇವಣಿ) ಎ, ಬಿ ಅಥವಾ ಸಿ ಅಂತ ಗುರುತಿರುತ್ತದೆ: ಎ ಇದ್ದರೆ 1 ಕ್ರೋನ್, ಬಿ ಇದ್ದರೆ ಒಂದೂವರೆ, ಸಿ ಇದ್ದರೆ 3. ಸೂಪರ್ ಮಾರ್ಕೆಟ್ಟಿನ ಯಂತ್ರದ ಬಾಯಿಗೆ ಖಾಲಿ ಬಾಟಲಿ ತುರುಕಿ, ಬರುವ ಚೀಟಿಯನ್ನು ಬಿಲ್ ಕೌಂಟರಿನಲ್ಲಿ ಕೊಟ್ಟರೆ ದುಡ್ಡು ವಾಪಸ್. ಬೀದಿಯ ಎಷ್ಟೋ ಕಸದ ತೊಟ್ಟಿಗಳ ಹೊರಗೆ ಚಿಕ್ಕ ಕಟ್ಟೆಯ ಹಾಗೆ ಒಂದು ಹಲಗೆ ಇರುತ್ತದೆ. ಯಂತ್ರದ ತನಕ ಹೋಗಲು ಸೋಮಾರಿತನ ಇದ್ದವರು ಬಾಟಲಿಯನ್ನು ಅದರ ಮೇಲೆ ಇಡುತ್ತಾರೆ, ಬೇಕಾದವರು ಕಸಕ್ಕೆ ಕೈ ಹಾಕದೆ ಎತ್ತಿಕೊಂಡು ಹೋಗಬಹುದು. ಅಂದಹಾಗೆ ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, ಬಾಟಲಿ ಕೊಳ್ಳುವ ಅಗತ್ಯವೇ ಇಲ್ಲ.

ಕೋಪನ್‌ಹೇಗನ್: ನಾಲ್ಕು ದಿನ ಸಾಕು

ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಬೇಡ. ಮೂರನೇ ಟರ್ಮಿನಲ್ಲಿನ ತುದಿಯಲ್ಲೇ ಮೆಟ್ರೋ, ಕಾಲು ಗಂಟೆಯಲ್ಲಿ ಊರ ನಡುವೆ ಇರುತ್ತೀರಿ. ಹಗಲು-ರಾತ್ರಿ ಓಡುತ್ತದೆ, ಡ್ರೈವರ್ ಇಲ್ಲ. ಮಕ್ಕಳಿದ್ದರೆ ಮುಂದಿನ ಗಾಜಿನ ಹತ್ತಿರ ಕೂರಿಸಿ, ಅವರಿಗೆ ಪ್ರವಾಸ ಅಲ್ಲಿಂದಲೇ ಶುರು. ದಾರಿ ಹುಡುಕಲು ರೈಸೆಪ್ಲೇನನ್ ಅನ್ನುವ ಆಪ್ ಹಾಕಿಕೊಳ್ಳಿ, ಬಸ್ಸು, ರೈಲು, ದೋಣಿ ಎಲ್ಲವೂ ಅದರಲ್ಲಿ ಸಿಗುತ್ತದೆ. ಮೆಟ್ರೋಗೆ ಗೇಟೇ ಇರುವುದಿಲ್ಲ, ಯಾರೂ ತಡೆಯುವುದಿಲ್ಲ. ಹಾಗಂತ ಟಿಕೆಟ್ ಇಲ್ಲದೆ ಹತ್ತಬೇಡಿ, ತಪಾಸಣೆಯವರು ಯಾವ ಹೊತ್ತಿನಲ್ಲಾದರೂ ಬರುತ್ತಾರೆ, ದಂಡ ಸಣ್ಣದಲ್ಲ.

ಮತ್ಸ್ಯಕನ್ಯೆಯನ್ನು ನೋಡಿ, ಆದರೆ ಅದಕ್ಕೆ ಅಂತಲೇ ಅರ್ಧ ದಿನ ಹಾಳು ಮಾಡಬೇಡಿ. 1913ರಲ್ಲಿ ಕೂರಿಸಿದ ಆ ಕಂಚಿನ ಪ್ರತಿಮೆ 1.25 ಮೀಟರ್ ಎತ್ತರ, ಮುಂದೆ ಬಸ್ಸುಗಟ್ಟಲೆ ಜನ. "ಇಷ್ಟೇನಾ" ಅನ್ನುವ ಮಾತು ಎಲ್ಲಾ ಭಾಷೆಯಲ್ಲೂ ಕೇಳುತ್ತದೆ. ನ್ಯೂಹಾವ್ನ್‌ನ ಬಣ್ಣದ ಮನೆಗಳ ಸಾಲು ನಿಜವಾಗಿಯೂ ಚೆನ್ನಾಗಿದೆ, ಆದರೆ ಅಲ್ಲಿ ಊಟಕ್ಕೆ ಕೂರಬೇಡಿ, ಬಿಲ್ಲು ಬಣ್ಣದ್ದೂ ಸೇರಿಸಿ ಬರುತ್ತದೆ. ಬೆಳಿಗ್ಗೆ ಎಂಟರ ಒಳಗೆ ಹೋದರೆ ಇಡೀ ಸಾಲು ನಿಮ್ಮದೇ.

ದುಬಾರಿ ದೋಣಿ ವಿಹಾರದ ಬದಲು ಹಳದಿ ಬಣ್ಣದ ಬಂದರು ಬಸ್ ಹಿಡಿಯಿರಿ. ಅದೂ ನೀರಿನ ಮೇಲೇ ಹೋಗುವುದು, ಮೆಟ್ರೋ ಟಿಕೆಟ್ಟೇ ನಡೆಯುತ್ತದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರೆ ಬಂದರೆಲ್ಲ ನೋಡಿದ ಹಾಗೆ. ದಾರಿಯಲ್ಲಿ ಇಸ್ಲಾಂಡ್ಸ್ ಬ್ರುಗ್ಗೆ ಹತ್ತಿರ ಜನ ಬಂದರಿನ ನೀರಿಗೇ ಹಾರಿ ಈಜುತ್ತಿರುತ್ತಾರೆ. ಕೊಳಚೆ ಹರಿಯುತ್ತಿದ್ದ ನೀರನ್ನು ವರ್ಷಗಟ್ಟಲೆ ಕೆಲಸ ಮಾಡಿ ಚೊಕ್ಕ ಮಾಡಿಕೊಂಡಿದ್ದಾರೆ.

ತಿವೋಲಿ ಉದ್ಯಾನಕ್ಕೆ ಸಂಜೆ ಹೋಗಿ, ದೀಪ ಹತ್ತುವ ಹೊತ್ತಿಗೆ. 1843ರಲ್ಲಿ ಶುರುವಾದ ಜಾಗ ಅದು. ಪ್ರವೇಶದ ಟಿಕೆಟ್ಟೇ ಬೇರೆ, ಆಟಗಳ ಟಿಕೆಟ್ಟೇ ಬೇರೆ, ಇದನ್ನು ಗಮನದಲ್ಲಿಟ್ಟುಕೊಳ್ಳಿ. ಆಡುವುದಾದರೆ 1914ರ ಮರದ ರೋಲರ್ ಕೋಸ್ಟರ್ ಹತ್ತಿ. ಅದರ ನಡುವಿನ ಸೀಟಿನಲ್ಲಿ ಒಬ್ಬ ಆಳು ಕೂತಿರುತ್ತಾನೆ, ಕೈಯಲ್ಲಿ ಬ್ರೇಕಿನ ಹಿಡಿ. ಪ್ರತಿ ಇಳಿಜಾರಿನಲ್ಲೂ ವೇಗ ನೋಡಿಕೊಂಡು ಅವನೇ ಎಳೆಯುತ್ತಾನೆ. ಅದನ್ನು ನೋಡಿದ ಮೇಲೆ ಧೈರ್ಯ ಬರುತ್ತದೋ ಹೋಗುತ್ತದೋ ಅದು ನಿಮಗೆ ಬಿಟ್ಟದ್ದು.

ರುಂಡೆಟೋರ್ನ್ ಅನ್ನುವ ದುಂಡು ಗೋಪುರ 1642ರದ್ದು. ತುದಿಯ ಹತ್ತಿರದವರೆಗೂ ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು ಸುತ್ತುತ್ತಾ ಮೇಲೆ ಹೋಗುತ್ತದೆ, ಮಂಡಿನೋವಿನವರೂ ನಿಧಾನಕ್ಕೆ ಹತ್ತಬಹುದು. ರಷ್ಯಾದ ತ್ಸಾರ್ ಪೀಟರ್ 1716ರಲ್ಲಿ ಕುದುರೆ ಮೇಲೆ ಕೂತೇ ಹತ್ತಿದ್ದ. ಅರಮನೆ ಅಮಾಲಿಯನ್‌ಬೋರ್‌ನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಕಾವಲುಗಾರರ ಬದಲಾವಣೆ ನಡೆಯುತ್ತದೆ, ಟಿಕೆಟ್ ಏನಿಲ್ಲ. 2024ರ ಜನವರಿ 14ರಂದು ರಾಣಿ ಮಾರ್ಗರೇಟ ತಾನಾಗಿಯೇ ಕೆಳಗಿಳಿದು ಮಗ ಫ್ರೆಡ್ರಿಕ್‌ಗೆ ಪಟ್ಟ ಬಿಟ್ಟುಕೊಟ್ಟಳು. ರಾಜ ಊರಲ್ಲಿದ್ದರೆ ಬ್ಯಾಂಡ್ ಸಮೇತ ದೊಡ್ಡ ಮೆರವಣಿಗೆ.

ಇನ್ನೊಂದು ಜಾಗ ನಮ್ಮವರು ನೋಡಲೇಬೇಕು, ಗೈಡುಗಳು ಹೇಳುವುದಿಲ್ಲ. ಕ್ರಿಸ್ಟಿಯನ್ಸ್‌ಹಾವ್ನ್ ಬಡಾವಣೆಯಲ್ಲಿ ನೀರಿನ ಪಕ್ಕ ಏಷಿಯಾಟಿಸ್ಕ್ ಪ್ಲಾಸ್ ಅಂತ ಒಂದು ಚೌಕ ಇದೆ. ಈಗ ವಿದೇಶಾಂಗ ಇಲಾಖೆ ಅಲ್ಲಿದೆ. ಹಿಂದೆ ಡೆನ್ಮಾರ್ಕಿನ ಏಷ್ಯಾಟಿಕ್ ಕಂಪನಿಯ ಹಡಗುಗಳು ಭಾರತ, ಚೀನಾದ ಸರಕು ಇಳಿಸುತ್ತಿದ್ದ ಜಾಗ ಅದು. ತಮಿಳುನಾಡಿನ ತರಂಗಂಬಾಡಿ 1620ರಿಂದ 1845ರವರೆಗೆ ಡೇನರ ಕೈಯಲ್ಲಿತ್ತು. ಕೋಲ್ಕತ್ತಾ ಹತ್ತಿರದ ಸೆರಾಂಪುರವೂ ಇವರದ್ದೇ ವಸಾಹತು. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಪಾದ್ರಿಗಳನ್ನು ಒಳಗೆ ಬಿಡದಿದ್ದಾಗ ಪಾದ್ರಿ ವಿಲಿಯಂ ಕೇರಿ 1800ರಲ್ಲಿ ಆಶ್ರಯ ಪಡೆದದ್ದು ಈ ಡೇನಿಷ್ ಸೆರಾಂಪುರದಲ್ಲಿ. 1817ರಲ್ಲಿ ಅವನ ಕನ್ನಡ ವ್ಯಾಕರಣ ಅಚ್ಚಾಗಿದ್ದೂ ಅಲ್ಲೇ. ಕನ್ನಡ ಅಕ್ಷರ ಮೊದಮೊದಲು ಅಚ್ಚಿನ ಮೊಳೆಗೆ ಇಳಿದ ಊರಿನ ಮೇಲೆ ಆಗ ಹಾರುತ್ತಿದ್ದದ್ದು ಡೆನ್ಮಾರ್ಕಿನ ಕೆಂಪು-ಬಿಳಿ ಬಾವುಟ. ಅದೇ ಬಡಾವಣೆಯ ಇಗರ್ಜಿಯೊಂದರ ಶಿಖರಕ್ಕೆ ಹೊರಗಿನಿಂದ ಸುತ್ತಿಕೊಂಡು ಹೋಗುವ ಮೆಟ್ಟಿಲುಗಳಿವೆ. ಒಟ್ಟು 400, ಕೊನೆಯ 150 ಬಯಲಲ್ಲೇ. ಎತ್ತರದ ಭಯ ಇದ್ದವರು ಕೆಳಗೆ ಕಾಫಿ ಕುಡಿಯಿರಿ.

ಸೈಕಲ್ ಹತ್ತುವ ಮುಂಚೆ ಇದನ್ನು ಓದಿ

ಬಾಡಿಗೆ ಸೈಕಲ್ ಆಪ್‌ನಲ್ಲೇ ಸಿಗುತ್ತದೆ, ಊರು ಸಮತಟ್ಟು, ಪ್ರತಿ ದೊಡ್ಡ ರಸ್ತೆಗೂ ಪ್ರತ್ಯೇಕ ಸೈಕಲ್ ದಾರಿ. ಹಾಗಂತ ನಮ್ಮೂರಲ್ಲಿ ಓಡಿಸಿದ ಹಾಗೆ ಓಡಿಸಿದರೆ ಹಿಂದಿನಿಂದ ಗಂಟೆ, ಬೈಗುಳ ಎರಡೂ ಬರುತ್ತವೆ. ಬೆಳಿಗ್ಗೆ ಎಂಟು, ಸಂಜೆ ನಾಲ್ಕರ ಹೊತ್ತಿನಲ್ಲಿ ಅಲ್ಲಿ ಆಫೀಸಿಗೆ ಹೋಗುವವರ ಓಟ, ಅವರು ಯಾರಿಗೂ ಕಾಯುವುದಿಲ್ಲ. ಮೊದಲ ಸಲ ಹತ್ತುವವರು ಭಾನುವಾರ ಬೆಳಿಗ್ಗೆ ಹತ್ತಿ.

ಯಾವಾಗಲೂ ಬಲಗಡೆ ಅಂಚಿನಲ್ಲಿ ಹೋಗಿ, ಎಡಭಾಗ ಹಿಂದಿಕ್ಕುವವರಿಗೆ ಬಿಡಿ. ನಿಲ್ಲಿಸುವ ಮುಂಚೆ ಒಂದು ಕೈ ಮೇಲಕ್ಕೆತ್ತಿ ತೋರಿಸಿ. ತಿರುಗುವುದಿದ್ದರೆ ಆ ಕಡೆಯ ಕೈ ಚಾಚಿ. ಎಡಕ್ಕೆ ತಿರುಗುವುದೇ ಎಲ್ಲರೂ ಎಡವುವ ಜಾಗ: ನೇರವಾಗಿ ರಸ್ತೆ ಮಧ್ಯಕ್ಕೆ ಹೋಗಿ ತಿರುಗುವ ಹಾಗಿಲ್ಲ. ಮೊದಲು ಸಿಗ್ನಲ್ ದಾಟಿ ಆಚೆ ಮೂಲೆಗೆ ಹೋಗಿ ನಿಲ್ಲಿ, ಅಲ್ಲಿ ಎಡಕ್ಕೆ ಮುಖ ಮಾಡಿಕೊಂಡು ಆ ಕಡೆಯ ದೀಪ ಹಸಿರಾಗುವವರೆಗೆ ಕಾದು ಮತ್ತೆ ದಾಟಿ. ಬಸ್ಸಿನಿಂದ ಜನ ಸೀದಾ ಸೈಕಲ್ ದಾರಿಗೇ ಇಳಿಯುತ್ತಿದ್ದರೆ ನೀವು ನಿಲ್ಲಬೇಕು. ಕತ್ತಲಾದ ಮೇಲೆ ಹಿಂದೆ ಮುಂದೆ ಎರಡೂ ದೀಪ ಕಡ್ಡಾಯ. ಊರ ಸುತ್ತ ಓಡುವ ಎಸ್-ರೈಲಿನಲ್ಲಿ ಸೈಕಲ್ಲಿಗೆ ಟಿಕೆಟ್ ಇಲ್ಲ, ಸುಸ್ತಾದರೆ ಹತ್ತಿಸಿಕೊಂಡು ಬನ್ನಿ.

ನಡೆಯುವವರಿಗೂ ಒಂದು ಮಾತು. ಫೋಟೋ ತೆಗೆಯಲು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಸೈಕಲ್ ದಾರಿಗೆ ಇಳಿಯುವುದು ನಮ್ಮವರ ಹಳೇ ಚಾಳಿ. ದಯವಿಟ್ಟು ಬೇಡ.

ಹೊಟ್ಟೆ ವಿಚಾರ

ಮಾಂಸ, ಮೀನು ತಿನ್ನುವವರಿಗೆ ಚಿಂತೆಯೇ ಇಲ್ಲ. ಕಪ್ಪನೆಯ ರೈ ಬ್ರೆಡ್ಡಿನ ಮೇಲೆ ಮೀನೋ ಮಾಂಸವೋ ಮೊಟ್ಟೆಯೋ ಜೋಡಿಸಿದ ಸ್ಮೋರ್‌ಬ್ರೋ ಅಲ್ಲಿನ ಮಧ್ಯಾಹ್ನದ ಊಟ, ಅದನ್ನು ಕೈಯಲ್ಲಿ ಎತ್ತದೆ ಚಾಕು-ಫೋರ್ಕಿನಲ್ಲಿ ತಿನ್ನುತ್ತಾರೆ. ಸಸ್ಯಾಹಾರಿಗಳು ಅದರಲ್ಲೇ ಆಲೂಗಡ್ಡೆಯದ್ದು ಕೇಳಬಹುದು. ಬೇಯಿಸಿದ ಆಲೂ ಬಿಲ್ಲೆಗಳು, ಮೇಲೆ ಕರಿದ ಈರುಳ್ಳಿ. ಆದರೆ ಮೇಯೋನೀಸ್‌ನಲ್ಲಿ ಮೊಟ್ಟೆ ಇರುತ್ತದೆ, ಕೆಲವು ಕಡೆ ಹಂದಿ ಮಾಂಸದ ಚೂರೂ ಉದುರಿಸುತ್ತಾರೆ, ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳಿ. ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಇರುವುದೇ ಜಾಸ್ತಿ. ಕಪ್ಪು ಮಿಠಾಯಿ ಕಂಡರೆ ಚಾಕೊಲೇಟ್ ಅಂದುಕೊಂಡು ಬಾಯಿಗೆ ಹಾಕಬೇಡಿ, ಅದು ಉಪ್ಪು ಹಾಕಿದ ಜೇಷ್ಠಮಧು.

ಬೇಸಿಗೆಯಲ್ಲಿ ಅಂಗಡಿಗಳಲ್ಲಿ ಕೊಲ್‌ಸ್ಕೋಲ್ ಅನ್ನುವ ಡಬ್ಬಿ ಕಾಣುತ್ತದೆ. ಗಟ್ಟಿ ಮಜ್ಜಿಗೆಗೆ ಸಕ್ಕರೆ, ನಿಂಬೆ, ವೆನಿಲ್ಲಾ ಹಾಕಿದ ಹಾಗಿರುತ್ತದೆ, ಅದರ ಮೇಲೆ ಗರಿಗರಿ ಪುಟ್ಟ ಬಿಸ್ಕತ್ತು ಪುಡಿ ಮಾಡಿ ಹಾಕಿಕೊಂಡು ತಿನ್ನುತ್ತಾರೆ. ಮೊಸರನ್ನದ ಬಾಯಿಗೆ ಇದು ಬೇಗ ಹಿಡಿಸುತ್ತದೆ. ಕೆಲವದರಲ್ಲಿ ಮೊಟ್ಟೆಯ ಹಳದಿ ಇರುತ್ತದೆ, ಡಬ್ಬಿಯ ಹಿಂದೆ ನೋಡಿ.

ದುಡ್ಡು ಉಳಿಸಬೇಕೆಂದರೆ ಅಡುಗೆಮನೆ ಇರುವ ಕೋಣೆ ಹಿಡಿಯಿರಿ. ನೆಟ್ಟೋ, ರೆಮಾ 1000, ಲಿಡ್ಲ್ ಅಗ್ಗದ ಅಂಗಡಿಗಳು. ಅಕ್ಕಿ, ಬೇಳೆ, ಕೊತ್ತಂಬರಿ ಸೊಪ್ಪು ನೋರೆಬ್ರೋ, ವೆಸ್ಟರ್‌ಬ್ರೋ ಬಡಾವಣೆಗಳ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತದೆ. ನೋರೆಬ್ರೋದಲ್ಲಿ ಫಲಾಫಲ್ ಕೂಡ ಒಳ್ಳೆಯದು, ಹೊಟ್ಟೆ ತುಂಬುತ್ತದೆ. ಟೂ ಗುಡ್ ಟು ಗೋ ಅನ್ನುವ ಆಪ್ ಹುಟ್ಟಿದ್ದೇ ಇಲ್ಲಿ. ಬೇಕರಿಗಳು ದಿನದ ಕೊನೆಗೆ ಉಳಿದದ್ದನ್ನು ಅದರಲ್ಲಿ ಕಡಿಮೆ ದರಕ್ಕೆ ಮಾರುತ್ತವೆ, ಚೀಲದಲ್ಲಿ ಏನಿರುತ್ತದೋ ಅದೇ ನಿಮ್ಮ ಅದೃಷ್ಟ.

ಪಕ್ಕದ ಎರಡು ಊರು

ಹೆಲ್ಸಿಂಗೋರ್‌ಗೆ ರೈಲಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿನ ಕ್ರೋನ್‌ಬೋರ್ ಕೋಟೆಗೆ ಎಲ್ಲರೂ ಹೋಗುವುದು ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಡೆಯುವ ಜಾಗ ಅಂತ. ನನಗೆ ಅದಕ್ಕಿಂತ ರುಚಿಸುವುದು ಅಲ್ಲಿ ವಸೂಲಾಗುತ್ತಿದ್ದ ಸುಂಕದ ಕಥೆ. ಎದುರಿಗೆ ಸ್ವೀಡನ್, ನಡುವೆ ನಾಲ್ಕು ಕಿ.ಮೀ. ಕಡಲು. ಬಾಲ್ಟಿಕ್ ಕಡಲಿಗೆ ಹೋಗುವ ಬರುವ ಹಡಗುಗಳೆಲ್ಲ 1429ರಿಂದ 1857ರವರೆಗೆ ಇಲ್ಲಿ ನಿಂತು ಸುಂಕ ಕಟ್ಟಬೇಕಿತ್ತು. ಮುಂದೆ ಸರಕಿನ ಬೆಲೆಯ ಮೇಲೆ ಸುಂಕ ಅಂತಾಯಿತು, ಬೆಲೆ ಹೇಳುವುದು ಹಡಗಿನ ಯಜಮಾನನೇ. ಕಡಿಮೆ ಹೇಳಿ ತಪ್ಪಿಸಿಕೊಳ್ಳಬಹುದಲ್ವಾ? ಆಗುತ್ತಿರಲಿಲ್ಲ. ಅವನು ಹೇಳಿದ ಬೆಲೆಗೆ ಇಡೀ ಸರಕನ್ನು ಕೊಳ್ಳುವ ಹಕ್ಕು ರಾಜನಿಗಿತ್ತು. ಕೋಟೆಯ ಕಿಟಕಿಯಲ್ಲಿ ನಿಂತು ಆ ಇಕ್ಕಟ್ಟಾದ ನೀರು ನೋಡಿದರೆ ಈ ದೇಶಕ್ಕೆ ದುಡ್ಡು ಎಲ್ಲಿಂದ ಬಂತು ಅನ್ನುವುದು ಅರ್ಧ ಗೊತ್ತಾಗುತ್ತದೆ. ಬೇಕಾದರೆ 20 ನಿಮಿಷದ ದೋಣಿಯಲ್ಲಿ ಸ್ವೀಡನ್‌ಗೆ ಹೋಗಿ ಬನ್ನಿ, ಪಾಸ್‌ಪೋರ್ಟ್ ಜೇಬಿನಲ್ಲಿರಲಿ.

ರೋಸ್ಕಿಲಗೆ ಅರ್ಧ ಗಂಟೆಯೂ ಬೇಡ. ಅಲ್ಲಿನ ಇಟ್ಟಿಗೆ ಕೆಥೆಡ್ರಲ್‌ನಲ್ಲಿ ದೇಶದ ಸುಮಾರು 40 ರಾಜ-ರಾಣಿಯರ ಸಮಾಧಿಗಳಿವೆ. ವೈಕಿಂಗ್ ಹಡಗುಗಳ ಮ್ಯೂಸಿಯಂ ನೀರಿನ ಪಕ್ಕದಲ್ಲಿದೆ. ಸುಮಾರು 1070ರ ಹೊತ್ತಿಗೆ ಶತ್ರುಗಳು ಒಳಗೆ ಬರದಂತೆ ಊರವರೇ ಮುಳುಗಿಸಿದ ಐದು ಹಡಗುಗಳನ್ನು 1962ರಲ್ಲಿ ಅಗೆದು ತೆಗೆದರು. ಅವುಗಳಲ್ಲಿ ಉದ್ದನೆಯದನ್ನು ಕಟ್ಟಿದ್ದು ದೂರದ ಡಬ್ಲಿನ್‌ನಲ್ಲಿ. ಹೊಸ ಕಟ್ಟಡದ ಯೋಜನೆ ಇರುವುದರಿಂದ ಯಾವ ಭಾಗ ತೆರೆದಿದೆ ಅಂತ ಮೊದಲೇ ನೋಡಿಕೊಳ್ಳಿ.

ಸೇತುವೆ ದಾಟಿ ಜಟ್‌ಲ್ಯಾಂಡ್‌ಗೆ

ಇನ್ನು ಪಶ್ಚಿಮಕ್ಕೆ. ದೂರದ ರೈಲಿಗೆ ಅಲ್ಲಿನ ರೈಲ್ವೆ ಕಂಪನಿ ಡಿಎಸ್‌ಬಿಯ "ಆರೆಂಜ್" ಟಿಕೆಟ್ ವಾರಗಟ್ಟಲೆ ಮುಂಚೆ ತೆಗೆದರೆ ಬಹಳ ಅಗ್ಗ, ಆದರೆ ಅದೇ ರೈಲಿಗೇ ಹತ್ತಬೇಕು. ಸೀಟು ಬೇಕೆಂದರೆ ಬೇರೆ ದುಡ್ಡು ಕೊಟ್ಟು ಕಾಯ್ದಿರಿಸಬೇಕು. ಶುಕ್ರವಾರ ಸಂಜೆ ಕಾಯ್ದಿರಿಸದೆ ಹತ್ತಿದರೆ ಬಾಗಿಲ ಹತ್ತಿರ ಸೂಟ್‌ಕೇಸ್ ಮೇಲೆ ಕೂರುವುದೇ ಗತಿ.

ಜೀಲ್ಯಾಂಡ್‌ನ ಅಂಚಿಗೆ ಬಂದ ರೈಲು ಎಂಟು ಕಿ.ಮೀ. ಸುರಂಗದೊಳಗೆ ಇಳಿಯುತ್ತದೆ, ತಲೆಯ ಮೇಲೆ ಕಡಲು. ಮೇಲೆ ಬಂದಾಗ ಸ್ಪ್ರೋವ ಅನ್ನುವ ಪುಟ್ಟ ದ್ವೀಪ, ಅಲ್ಲಿಂದ ಮುಂದೆ ಸೇತುವೆ. 1997ಕ್ಕೆ ಮುಂಚೆ ರೈಲನ್ನೇ ದೋಣಿಗೆ ಹತ್ತಿಸಿ ದಾಟಿಸುತ್ತಿದ್ದರು. ಕ್ಷಣ ಮಾತ್ರ ಕಾಣುವ ಆ ದ್ವೀಪದ ಮೇಲೆ 1920ರ ದಶಕದಿಂದ 1961ರವರೆಗೆ "ನಡತೆ ಸರಿಯಿಲ್ಲ" ಅಂತ ಹಣೆಪಟ್ಟಿ ಹಚ್ಚಿದ ಹೆಣ್ಣುಮಕ್ಕಳನ್ನು ಕೂಡಿಹಾಕಿದ್ದರು. ಸುಖೀ ದೇಶ ಅಂತ ಹೊಗಳುವ ಲೇಖನಗಳಲ್ಲಿ ಇದು ಬರುವುದಿಲ್ಲ.

ಫ್ಯೂನ್‌ನ ಓಡೆನ್ಸ ಕಥೆಗಾರ ಆಂಡರ್ಸನ್ ಹುಟ್ಟಿದ ಊರು. 2021ರಲ್ಲಿ ತೆರೆದ ಹೊಸ ಮ್ಯೂಸಿಯಂ ಇದೆ, ಮಕ್ಕಳಿದ್ದರೆ ಇಳಿಯಿರಿ, ಇಲ್ಲದಿದ್ದರೆ ಮುಂದೆ ಹೋಗಿ.

ಜಟ್‌ಲ್ಯಾಂಡ್‌ನಲ್ಲಿ ವೈಲೆ ಊರಲ್ಲಿ ಎರಡು ರಾತ್ರಿ ಉಳಿದರೆ ಅನುಕೂಲ. ಅಲ್ಲಿಂದ ಬಸ್ಸಿನಲ್ಲಿ ಬಿಲ್ಲುಂಡ್‌ಗೆ, ಅಂದರೆ ಲೆಗೋ ಹುಟ್ಟಿದ ಊರಿಗೆ. ಕೆಲಸ ಸಿಗದೆ ಕಷ್ಟದಲ್ಲಿದ್ದ ಬಡಗಿಯೊಬ್ಬ 1932ರಲ್ಲಿ ಮರದ ಆಟಿಕೆ ಮಾಡಲು ಶುರು ಮಾಡಿದ್ದು ಇಲ್ಲೇ. ಲೆಗೋಲ್ಯಾಂಡ್ ಸವಾರಿ ಆಟಗಳ ಜಾಗ, ಲೆಗೋ ಹೌಸ್ ಕೂತು ಕಟ್ಟುವ ಜಾಗ. ಮಳೆ ಬಂದರೆ ಎರಡನೆಯದು. ಇನ್ನೊಂದು ದಿಕ್ಕಿಗೆ ಲೋಕಲ್ ರೈಲಿನಲ್ಲಿ ಸ್ವಲ್ಪ ಹೊತ್ತು ಹೋದರೆ ಯೆಲ್ಲಿಂಗ್. ಹಳ್ಳಿಯ ಇಗರ್ಜಿ ಅಂಗಳದಲ್ಲಿ ಗಾಜಿನ ಮನೆಯೊಳಗೆ ಎರಡು ಶಾಸನದ ಕಲ್ಲುಗಳಿವೆ. ದೊಡ್ಡದನ್ನು ಸುಮಾರು 965ರಲ್ಲಿ ರಾಜ ಹರಾಲ್ ತನ್ನ ಅಪ್ಪ ಗೋರ್ಮ್, ಅಮ್ಮ ಥೂರಾ ನೆನಪಿಗೆ ನಿಲ್ಲಿಸಿದ. ಇಡೀ ಡೆನ್ಮಾರ್ಕ್ ಗೆದ್ದವನು, ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ತಾನು ಅಂತ ಅದರಲ್ಲೇ ಬರೆಸಿಕೊಂಡಿದ್ದಾನೆ. ನಮ್ಮ ವೀರಗಲ್ಲು, ಶಾಸನಗಳನ್ನು ನೋಡಿದವರಿಗೆ ಈ ಜಂಬ ಹೊಸದೇನಲ್ಲ. ಅವನ ಅಡ್ಡಹೆಸರು ಬ್ಲೂಟೂತ್. ನಿಮ್ಮ ಫೋನಿನಲ್ಲಿರುವ ಆ ಗುರುತು ಅವನ ಹೆಸರಿನ ಎರಡು ರೂನ್ ಅಕ್ಷರ, ಅಂದರೆ ಅಲ್ಲಿನ ಹಳೇ ಲಿಪಿಯ ಅಕ್ಷರ, ಸೇರಿಸಿ ಬರೆದದ್ದು.

ಆಮೇಲೆ ಓರ್‌ಹುಸ್, ದೇಶದ ಎರಡನೇ ದೊಡ್ಡ ಊರು. ಆರೋಸ್ ಮ್ಯೂಸಿಯಂ ತಾರಸಿಯ ಮೇಲೆ ಕಾಮನಬಿಲ್ಲಿನ ಬಣ್ಣದ ಗಾಜಿನ ದುಂಡು ದಾರಿ ಇದೆ, ಚೆನ್ನಾಗಿದೆ. ಆದರೆ ಇಡೀ ಪ್ರವಾಸದಲ್ಲಿ ಒಂದೇ ಮ್ಯೂಸಿಯಂ ಆರಿಸಿ ಅಂದರೆ ನಾನು ಹೇಳುವುದು ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯೊಳಗಿನ ಸಿಲ್ಕೆಬೋರ್ ಊರಿನ ಮ್ಯೂಸಿಯಂ. 1950ರಲ್ಲಿ ಉರುವಲಿಗೆ ಜೌಗು ಮಣ್ಣು ಅಗೆಯುತ್ತಿದ್ದವರಿಗೆ ಒಂದು ಹೆಣ ಸಿಕ್ಕಿತು. ಎಷ್ಟು ತಾಜಾ ಕಾಣುತ್ತಿತ್ತೆಂದರೆ ಈಚೆಗೆ ನಡೆದ ಕೊಲೆ ಅಂದುಕೊಂಡು ಪೊಲೀಸರನ್ನು ಕರೆದರು. ಆ ಮನುಷ್ಯ ಸತ್ತು 2,400 ವರ್ಷ ಆಗಿತ್ತು. ಈಗ ಗಾಜಿನೊಳಗೆ ಮಲಗಿದ್ದಾನೆ. ಮೈ ಮರುಸೃಷ್ಟಿ, ತಲೆ ಮಾತ್ರ ಅವನದ್ದೇ. ಕಣ್ಣು ಮುಚ್ಚಿದೆ, ಹಣೆಯಲ್ಲಿ ಗೆರೆ, ಗಲ್ಲದ ಮೇಲೆ ಒಂದೆರಡು ದಿನ ಬೋಳಿಸದ ಕುರುಚಲು ಗಡ್ಡ. ತಲೆಗೆ ಕುರಿ ಚರ್ಮದ ಚೂಪು ಟೋಪಿ. ಕುತ್ತಿಗೆಯಲ್ಲಿ ಹೆಣೆದ ಚರ್ಮದ ಹಗ್ಗ, ಅದರಿಂದಲೇ ನೇಣು ಹಾಕಿದ್ದರು. ಹೊಟ್ಟೆಯಲ್ಲಿ ಉಳಿದದ್ದನ್ನು ಪರೀಕ್ಷಿಸಿ ಕೊನೆಯ ಊಟ ಬಾರ್ಲಿ, ಅಗಸೆ, ಕಾಡು ಬೀಜಗಳ ಗಂಜಿ, ಜೊತೆಗೆ ಸ್ವಲ್ಪ ಮೀನು ಅಂತ ಕಂಡುಹಿಡಿದಿದ್ದಾರೆ. ಬಲಿ ಕೊಟ್ಟಿರಬಹುದು ಅನ್ನುವುದು ವಿದ್ವಾಂಸರ ಊಹೆ. ಪುಟ್ಟ ಮಕ್ಕಳಿದ್ದರೆ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಕೊನೆಗೆ ಪಶ್ಚಿಮದ ತುದಿಯ ರೀಬ, ದೇಶದ ಅತಿ ಹಳೇ ಊರು, ಸುಮಾರು 700ರಿಂದ ಇದೆ. ಓರೆಯಾದ ಮರದ ಚೌಕಟ್ಟಿನ ಮನೆಗಳು, ಕಲ್ಲು ಹಾಸಿದ ಗಲ್ಲಿಗಳು. ಪಕ್ಕದ ಕಡಲಲ್ಲಿ ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಕೆಸರು ಬಯಲು ತೆರೆದುಕೊಳ್ಳುತ್ತದೆ. ಟ್ರ್ಯಾಕ್ಟರ್ ಬಸ್ಸಿನಲ್ಲಿ ಆ ತಳದ ಮೇಲೇ ಮಾಂಡೋ ದ್ವೀಪಕ್ಕೆ ಹೋಗಬಹುದು. ಭರತ ಬಂದರೆ ದಾರಿಯೇ ಇರುವುದಿಲ್ಲ, ಅದಕ್ಕೆ ಸಮಯಪಟ್ಟಿ ದಿನಕ್ಕೊಂದು ಥರ. ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹೋದರೆ ಸಂಜೆ ಲಕ್ಷಗಟ್ಟಲೆ ಹಕ್ಕಿಗಳು ಸೂರ್ಯನನ್ನೇ ಮುಚ್ಚುವ ಹಾಗೆ ಹಾರುವುದನ್ನು ಕಾಣಬಹುದು. ಉತ್ತರದ ತುದಿಯ ಸ್ಕೇಯೆನ್‌ನಲ್ಲಿ ಎರಡು ಕಡಲು ಮುಖಾಮುಖಿ ಅಪ್ಪಳಿಸುತ್ತವೆ. ಸೊಗಸಾಗಿದೆ, ಆದರೆ ದೂರ. ಹತ್ತು ದಿನಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ.

ಜನರ ಜೊತೆ

ಡೇನರು ತಾವಾಗಿ ಮಾತಿಗೆ ಬರುವುದಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಇರುತ್ತಾರೆ. ಅದು ಸೊಕ್ಕಲ್ಲ, ನಿಮ್ಮ ಪಾಡಿಗೆ ನಿಮ್ಮನ್ನು ಬಿಡುವ ಮರ್ಯಾದೆ. ನೀವು ಕೇಳಿದರೆ ನಿಂತು, ಫೋನು ತೆಗೆದು, ದಾರಿ ತೋರಿಸುತ್ತಾರೆ, ಇಂಗ್ಲಿಷ್ ಎಲ್ಲರಿಗೂ ಬರುತ್ತದೆ. ಊರ ಹೆಸರನ್ನು ಬಾಯಲ್ಲಿ ಹೇಳುವ ಬದಲು ಬರೆದದ್ದನ್ನು ತೋರಿಸಿ. ರೈಲಿನಲ್ಲಿ ಮೌನದ ಬೋಗಿ ಅಂತ ಇರುತ್ತದೆ, ಅಲ್ಲಿ ಊರಿಗೆ ವಿಡಿಯೋ ಕಾಲ್ ಮಾಡಬೇಡಿ. ಬೇಕರಿ, ಔಷಧಿ ಅಂಗಡಿಯಲ್ಲಿ ಬಾಗಿಲ ಪಕ್ಕದ ಯಂತ್ರದಿಂದ ನಂಬರ್ ಚೀಟಿ ಹರಿದುಕೊಂಡು ಕಾಯಬೇಕು. ಕಾಫಿ ಅಂಗಡಿಯ ಹೊರಗೆ ತಳ್ಳುಗಾಡಿಯಲ್ಲಿ ಮಗು ಒಂದೇ ಮಲಗಿದ್ದರೆ ಗಾಬರಿಯಾಗಬೇಡಿ, ಅಮ್ಮ ಒಳಗಿದ್ದಾಳೆ, ತಂಪು ಗಾಳಿಯಲ್ಲಿ ಮಲಗಿಸುವುದು ಅಲ್ಲಿನ ರೂಢಿ.

ಯಾರಾದರೂ ಮನೆಗೆ ಕರೆದರೆ ಏಳು ಗಂಟೆ ಅಂದರೆ ಏಳೇ ಗಂಟೆ. ಚಪ್ಪಲಿ ಬಾಗಿಲಲ್ಲೇ ಬಿಡಿ, ಇದು ನಮಗೆ ಹೇಳಿಕೊಡಬೇಕಿಲ್ಲ. ಕೇಕಿನ ಮೇಲೆ, ಅಂಗಳದಲ್ಲಿ ದೇಶದ ಬಾವುಟ ಸಿಕ್ಕಿಸಿದ್ದರೆ ಅದು ರಾಷ್ಟ್ರೀಯ ಹಬ್ಬವಲ್ಲ, ಯಾರದ್ದೋ ಹುಟ್ಟುಹಬ್ಬ.

ಪರಿಚಯದವರೇ ಇಲ್ಲದವರಿಗೆ ಒಂದು ದಾರಿ ಇದೆ. ಕೋಪನ್‌ಹೇಗನ್‌ನ ವೆಸ್ಟರ್‌ಬ್ರೋದಲ್ಲಿ ಅಬ್ಸಲೋನ್ ಅಂತ ಹಳೇ ಇಗರ್ಜಿಯೊಂದು ಈಗ ಊರವರ ಮನೆಯಾಗಿದೆ. ಸಂಜೆ ಆರಕ್ಕೆ ಉದ್ದನೆಯ ಮೇಜುಗಳಲ್ಲಿ ಸಾಮೂಹಿಕ ಊಟ. ಟಿಕೆಟ್ ಮುಂಚೆಯೇ ತೆಗೆದುಕೊಳ್ಳಬೇಕು, ಪಕ್ಕದಲ್ಲಿ ಯಾರು ಬರುತ್ತಾರೋ ಅವರೇ ನೆಂಟರು. ಮೇಜಿನವರಲ್ಲಿ ಒಬ್ಬರು ಎದ್ದು ಹೋಗಿ ಎಲ್ಲರಿಗೂ ಪಾತ್ರೆಯಲ್ಲಿ ಊಟ ತರಬೇಕು, ಆಮೇಲೆ ಬಡಿಸುವುದು, ಪಕ್ಕಕ್ಕೆ ದಾಟಿಸುವುದು. ಆ ತರುವ ಕೆಲಸ ನೀವೇ ವಹಿಸಿಕೊಳ್ಳಿ, ಮಾತು ತಾನಾಗಿ ಶುರುವಾಗುತ್ತದೆ.

ಇನ್ನೊಂದು ಡೆನ್ಮಾರ್ಕ್ ಕೂಡ ಇದೆ. ಜಟ್‌ಲ್ಯಾಂಡ್‌ನ ಬ್ರಾಂಡೆ ಅನ್ನುವ ಸಣ್ಣ ಊರಿನಲ್ಲಿ ಅಭಿರಾಮಿ ಅಮ್ಮನ ದೇವಸ್ಥಾನ ಇದೆ, ಯುದ್ಧದ ಕಾಲದಲ್ಲಿ ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳರು ಕಟ್ಟಿಕೊಂಡದ್ದು. ಬಿಲ್ಲುಂಡ್‌ಗೆ ಹೋದವರಿಗೆ ದೂರವೇನಲ್ಲ. ಪೂಜೆಯ ದಿನ, ಹೊತ್ತು ವಿಚಾರಿಸಿಕೊಂಡು ಹೋಗಿ.

ಹೊರಡುವ ಮುಂಚೆ

ಒಂದೇ ಅಂಗಡಿಯಲ್ಲಿ 300 ಕ್ರೋನ್‌ಗಿಂತ ಜಾಸ್ತಿ ಸಾಮಾನು ಕೊಂಡಿದ್ದರೆ ತೆರಿಗೆಯ ಒಂದಷ್ಟು ಭಾಗ ವಾಪಸ್ ಸಿಗುತ್ತದೆ. ಕೊಳ್ಳುವಾಗಲೇ ಅದರ ಫಾರಂ ಕೇಳಿ ಪಡೆಯಬೇಕು, ಆಮೇಲೆ ಕೇಳಿದರೆ ಕೊಡುವುದಿಲ್ಲ. ಮುದ್ರೆ ಹಾಕುವುದು ಯುರೋಪಿಯನ್ ಒಕ್ಕೂಟ ಬಿಡುವ ಕೊನೆಯ ನಿಲ್ದಾಣದಲ್ಲಿ. ಬಿಲ್ಲುಂಡ್‌ನಿಂದ ಫ್ರಾಂಕ್‌ಫರ್ಟ್ ಮೂಲಕ ಬರುವವರಿಗೆ ಅದು ಫ್ರಾಂಕ್‌ಫರ್ಟ್. ಹಾಗಾಗಿ ಕೊಂಡ ಸಾಮಾನು, ಬಿಲ್ಲು ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ, ದೊಡ್ಡ ಸೂಟ್‌ಕೇಸ್ ಒಳಗೆ ಹೋದರೆ ತೋರಿಸಲು ಏನೂ ಇರುವುದಿಲ್ಲ. ಉಳಿದ ಖಾಲಿ ಬಾಟಲಿಗಳನ್ನು ಹಿಂದಿನ ರಾತ್ರಿಯೇ ಯಂತ್ರಕ್ಕೆ ಹಾಕಿ ಬನ್ನಿ.